ಊರನ್ನೇ ಹೆಸರಾಗಿ ಹೊತ್ತವರು: ಗದಗ ಸೀಮೆಯ ಒಂದು ರೂಢಿಯ ಚರಿತ್ರೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಇಬ್ಬರು ಅಪರಿಚಿತರು ಬಸ್‌ನಿಲ್ದಾಣದಲ್ಲೋ ಸಂತೆಯಲ್ಲೋ ಮದುವೆಯ ಚಪ್ಪರದಲ್ಲೋ ಎದುರುಬದುರಾದಾಗ ಮೊದಲು ಕೇಳಿಬರುವುದು 'ಯಾ ಊರಾವ್ರು ನೀವು?' ಎಂಬ ಪ್ರಶ್ನೆ. ಹೆಸರಿನ ಸರದಿ ಆಮೇಲೆ. ಊರಿನ ಉತ್ತರ ಸಿಕ್ಕಿದ್ದೇ ತಡ, ಆ ಊರಿನಲ್ಲಿರುವ ಬೀಗರು, ಗೌಡರ ಮನೆತನ, ಶಾಲೆಯ ಮಾಸ್ತರರು, ಕಳೆದ ವರ್ಷದ ಜಾತ್ರೆ, ಕೆರೆಯ ನೀರು ಎಂದು ಮಾತು ಎಳೆಎಳೆಯಾಗಿ ಬಿಚ್ಚಿಕೊಂಡು, ಇಬ್ಬರಿಗೂ ಗೊತ್ತಿರುವ ಮೂರನೆಯ ಒಬ್ಬ ಮನುಷ್ಯ ಸಿಗುವವರೆಗೆ ಅದು ನಿಲ್ಲುವುದಿಲ್ಲ, ಸಿಕ್ಕ ಮೇಲೆ ಅಪರಿಚಿತನು 'ನಮ್ಮ ಕಡಿಯಾವ' ಆಗಿಬಿಡುತ್ತಾನೆ. ಕಾಲಹರಣದ ಹರಟೆಯಂತೆ ಕಾಣುವ ಈ ರೂಢಿಗೆ ಶಾಸನ, ಕಾವ್ಯ, ವಂಶಾವಳಿ, ಸರಕಾರಿ ದಫ್ತರುಗಳಲ್ಲಿ ಗುರುತಿಸಬಹುದಾದ ಸಾವಿರ ವರ್ಷಗಳ ಚರಿತ್ರೆ ಇದೆ. ಆ ಚರಿತ್ರೆಯನ್ನು ನೋಡಿದರೆ ತಿಳಿಯುವ ಮುಖ್ಯ ಸಂಗತಿಯೆಂದರೆ, ಊರಿನ ನಂಟು ಬೆಳೆದದ್ದು ಊರಿನಲ್ಲೇ ಉಳಿದವರ ನಡುವೆ ಅಲ್ಲ, ಊರು ಬಿಟ್ಟವರ ನಡುವೆ.

ಹತ್ತನೆಯ ಶತಮಾನದ ಹೊತ್ತಿಗೆ ಈ ಭಾಗವು ಬೆಳ್ವೊಲ ಮುನ್ನೂರು ಮತ್ತು ಪುಲಿಗೆರೆ ಮುನ್ನೂರು ಎಂಬ ಎರಡು ನಾಡುಗಳಾಗಿ ಹಂಚಿಹೋಗಿತ್ತು. ನಾಡು ಎಂದರೆ ಅಂದಿನ ಆಡಳಿತದ ಒಂದು ವಿಭಾಗ. ಹೆಸರಿನ ಮುಂದಿನ ಸಂಖ್ಯೆಯು ಅದರೊಳಗಿನ ಗ್ರಾಮಗಳನ್ನು ಸೂಚಿಸುತ್ತದೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಅಣ್ಣಿಗೇರಿ, ಗದಗ, ಲಕ್ಕುಂಡಿಗಳು ಬೆಳ್ವೊಲಕ್ಕೆ ಸೇರಿದ್ದರೆ, ಇಂದಿನ ಲಕ್ಷ್ಮೇಶ್ವರವಾದ ಪುಲಿಗೆರೆಯು ತನ್ನದೇ ಹೆಸರಿನ ನಾಡಿಗೆ ಮುಖ್ಯ ಪಟ್ಟಣವಾಗಿತ್ತು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ, ಅಂದರೆ ಸತ್ವವುಳ್ಳ ಕನ್ನಡದ, ನೆಲೆಯೆಂದು ಎಣಿಸಿದ ನಾಲ್ಕು ಊರುಗಳಲ್ಲಿ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆಗೆ ಪುಲಿಗೆರೆಯೂ ಒಂದು. 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ಮುಗಿಸಿದ ಪಂಪನು ಇದ್ದದ್ದು ಇಂದಿನ ತೆಲಂಗಾಣದ ವೇಮುಲವಾಡದಲ್ಲಿ ಆಳುತ್ತಿದ್ದ ಅರಿಕೇಸರಿಯ ಆಶ್ರಯದಲ್ಲಿ. ಆದರೂ ತನ್ನ ಕಾವ್ಯದ ನುಡಿ ಪುಲಿಗೆರೆಯದೆಂದು ಹೇಳಿಕೊಳ್ಳುವುದನ್ನು ಅವನು ಮರೆಯಲಿಲ್ಲ. ಅವನ ತಮ್ಮ ಜಿನವಲ್ಲಭನು ವೇಮುಲವಾಡದ ಹತ್ತಿರದ ಕುರ್ಕ್ಯಾಲದಲ್ಲಿ ಕೆತ್ತಿಸಿದ ಶಾಸನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬುದನ್ನು ದಾಖಲಿಸುತ್ತದೆ. ತೆಲುಗು ನೆಲದ ಬಂಡೆಯೊಂದರ ಮೇಲೆ ತಾಯಿಯ ತವರೂರಿನ ಹೆಸರನ್ನು ಬರೆಸುವ ಅಗತ್ಯ ಅಲ್ಲಿನ ರಾಜಕೀಯಕ್ಕೂ ಧರ್ಮಕ್ಕೂ ಇರಲಿಲ್ಲ. ಆದಿಕವಿಯ ಮನೆತನದ ಬಗ್ಗೆ ಇಂದು ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಆ ಅನಗತ್ಯದ ಸಾಲುಗಳಿಂದಲೇ ಬಂದಿದೆ ಎಂಬುದು ಗಮನಾರ್ಹ.

ವ್ಯಾಪಾರಿಗಳ ಲೋಕದಲ್ಲಿ ಊರಿನ ಹೆಸರು ಅಭಿಮಾನಕ್ಕಿಂತ ಹೆಚ್ಚಾಗಿ ವ್ಯವಹಾರದ ಸಾಧನವಾಗಿತ್ತು. ಐಹೊಳೆಯಲ್ಲಿ ಹುಟ್ಟಿದ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘವು ತಮಿಳುನಾಡು, ಕೇರಳ, ಶ್ರೀಲಂಕೆಗಳವರೆಗೆ ಹರಡಿ, 1088ರಲ್ಲಿ ಸುಮಾತ್ರದ ಲೋಬು ತುವಾ ಎಂಬಲ್ಲಿ ತಮಿಳು ಶಾಸನವೊಂದನ್ನು ನಿಲ್ಲಿಸುವಷ್ಟು ದೂರ ಹೋಯಿತು; ಅಷ್ಟು ಹೊತ್ತಿಗೆ ಆ ಸಂಘದ ಬಹುತೇಕ ಸದಸ್ಯರು ಐಹೊಳೆಯನ್ನು ಕಂಡಿರುವ ಸಾಧ್ಯತೆಯೇ ಕಡಿಮೆ, ಆದರೂ ಮಲಪ್ರಭೆಯ ದಂಡೆಯ ಆ ಊರಿನ ಹೆಸರು ಒಬ್ಬರನ್ನೊಬ್ಬರು ಅರಿಯದ ವರ್ತಕರ ನಡುವೆ ವಿಶ್ವಾಸಕ್ಕೆ ಆಧಾರವಾಗಿತ್ತು. ಸ್ಥಳೀಯರನ್ನು ಸ್ವದೇಶಿಗಳೆಂದೂ ಹೊರಗಿನಿಂದ ಬಂದವರನ್ನು ಪರದೇಶಿಗಳೆಂದೂ ಹಲವು ನಾಡುಗಳಲ್ಲಿ ಓಡಾಡುವವರನ್ನು ನಾನಾದೇಶಿಗಳೆಂದೂ ಈ ಸಂಘಗಳ ಶಾಸನಗಳು ಬೇರೆಬೇರೆಯಾಗಿ ಹೆಸರಿಸುತ್ತವೆ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ದೊರೆತ 1095ರ ಶಾಸನದಲ್ಲಿ ಇದರ ಸ್ಥಳೀಯ ರೂಪವನ್ನು ಕಾಣಬಹುದು: ಅಂದು ಧರ್ಮವೊಳಲು ಎನ್ನಿಸಿಕೊಂಡಿದ್ದ ಆ ಪಟ್ಟಣದ ಹದಿನಾರು ಸೆಟ್ಟಿಗಳು ಸೇರಿ ಬೌದ್ಧ ವಿಹಾರವೊಂದನ್ನು ಕಟ್ಟಿಸಿ, ಆರ್ಯತಾರಾದೇವಿಗೆ ದತ್ತಿ ಬಿಟ್ಟರು, ಅಲ್ಲಿಯ ಇನ್ನೊಂದು ವಿಹಾರವನ್ನು ಕಟ್ಟಿಸಿದವನು ಲೊಕ್ಕಿಗುಂಡಿಯ, ಅಂದರೆ ಲಕ್ಕುಂಡಿಯ, ಸೆಟ್ಟಿ. ಒಬ್ಬನು ಲೊಕ್ಕಿಗುಂಡಿಯವನು, ಉಳಿದವರು ಈ ಊರಿನವರು ಎಂಬ ಭೇದವನ್ನು ಶಾಸನ ಬರೆದವರು ಬಿಟ್ಟುಕೊಟ್ಟಿಲ್ಲ. ಲಕ್ಕುಂಡಿಯ ಹೆಸರಾದರೋ ಮನುಷ್ಯರ ಜೊತೆಗಷ್ಟೇ ಅಲ್ಲದೆ ಹಣದ ಜೊತೆಗೂ ಪ್ರಯಾಣ ಮಾಡಿತು: ಶಾಸನಗಳಲ್ಲಿ ಮತ್ತೆಮತ್ತೆ ಬರುವ ಲೊಕ್ಕಿಗದ್ಯಾಣವೆಂಬ ಚಿನ್ನದ ನಾಣ್ಯಕ್ಕೆ ಹೆಸರು ಬಂದದ್ದು ಆ ಊರಿನಿಂದ.

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಸುತ್ತ ಬೆಳೆದ ಆದಯ್ಯನ ಕಥೆಯು ಇದೇ ಸಂಗತಿಯನ್ನು ಭಕ್ತಿಯ ಭಾಷೆಯಲ್ಲಿ ಹೇಳುತ್ತದೆ. ಹರಿಹರನ ರಗಳೆಯೂ ರಾಘವಾಂಕನ 'ಸೋಮನಾಥ ಚಾರಿತ್ರ'ವೂ ವರ್ಣಿಸುವ ಈ ಆದಯ್ಯನು ವ್ಯಾಪಾರಕ್ಕೆಂದು ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದು, ಜೈನ ಸೆಟ್ಟಿಯ ಮಗಳು ಪದ್ಮಾವತಿಯನ್ನು ಮದುವೆಯಾಗಿ ಅಲ್ಲಿಯೇ ನಿಂತವನು. ಮಾವನ ಮನೆಯಲ್ಲಿ ಧರ್ಮದ ವಿಷಯವಾಗಿ ಮಾತಿಗೆ ಮಾತು ಬೆಳೆದಾಗ, ತನ್ನ ನಾಡಿನ ಸೋಮನಾಥನನ್ನೇ ಇಲ್ಲಿಗೆ ತರುತ್ತೇನೆಂದು ಶಪಥ ಮಾಡಿ, ಹೋಗಿ, ಕರೆತಂದು, ಪುಲಿಗೆರೆಯ ಬಸದಿಯೊಂದರಲ್ಲಿ ನೆಲೆಗೊಳಿಸಿದನೆಂದು ಕಥೆ ಹೇಳುತ್ತದೆ. ಇದು ಜೈನ-ಶೈವ ಸಂಘರ್ಷದ ಕಥೆ, ಗೆದ್ದವರ ಪಕ್ಷದಿಂದ ಹೇಳಿದ ಕಥೆ, ಆದ್ದರಿಂದ ಅದನ್ನು ಸಾಮರಸ್ಯದ ಪಾಠವೆಂದು ಓದುವುದು ಸರಿಯಾಗಲಾರದು. ಆದರೂ ಪರವೂರಿನಲ್ಲಿ ನೆಲೆ ನಿಂತ ವ್ಯಾಪಾರಿಯು ತನ್ನ ಹುಟ್ಟೂರಿನ ದೇವರನ್ನು ಜೊತೆಗೆ ತಂದುಕೊಳ್ಳುವುದೆಂಬ ಅದರ ಮೂಲಬೀಜವು ಈ ಸೀಮೆಯ ಜನಕ್ಕೆ ಅಸಹಜವಾಗಿ ಕಂಡಿರಲಾರದು. ಎಷ್ಟೋ ಮನೆತನಗಳ ಮನೆದೇವರು ಇಂದಿಗೂ ಅವರು ವಾಸವಾಗಿರುವ ಊರಿನಲ್ಲಿಲ್ಲ, ಹಿರಿಯರು ಬಿಟ್ಟುಬಂದ ಊರಿನಲ್ಲಿದೆ, ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ ಬರುವುದು ಕಟ್ಟಳೆಯಾಗಿದೆ.

ಮೂಲದ ಊರು ಮರೆತುಹೋಗದಂತೆ ನೋಡಿಕೊಳ್ಳುವುದಕ್ಕೆಂದೇ ಉತ್ತರ ಕರ್ನಾಟಕದಲ್ಲಿ ಒಂದು ಸಮುದಾಯವಿದೆ. ಹೆಳವರು ಎಂದು ಕರೆಯಲ್ಪಡುವ ಇವರು ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುತ್ತ ಊರೂರು ತಿರುಗುವ ವೃತ್ತಿಯವರು. ಕುಂಟನಾದ ಮೂಲಪುರುಷನೊಬ್ಬನು ಎತ್ತಿನ ಮೇಲೆ ಕುಳಿತು ಈ ಕಾಯಕ ಆರಂಭಿಸಿದನೆಂಬ ಐತಿಹ್ಯ ಅವರದು. ಸುಗ್ಗಿ ಮುಗಿದು ಕಣದಲ್ಲಿ ಕಾಳು ಬಿದ್ದ ಮೇಲೆ ಬಾಗಿಲಿಗೆ ಬರುವ ಹೆಳವನು, ಆ ಮನೆಯ ಈಗಿನ ಯಜಮಾನನಿಂದ ಆರಂಭಿಸಿ ತಂದೆ, ಅಜ್ಜ, ಮುತ್ತಜ್ಜ ಎಂದು ಹಿಂದಕ್ಕೆ ಹೋಗುತ್ತ, ಯಾವ ತಲೆಮಾರಿನಲ್ಲಿ ಯಾವ ಊರಿನಿಂದ ಎದ್ದು ಬಂದರು, ಬರವೋ ದಾಯಾದಿ ಜಗಳವೋ ದಂಡಿನ ಹಾವಳಿಯೋ ಯಾವುದು ಕಾರಣ, ಅಣ್ಣತಮ್ಮಂದಿರು ಎಲ್ಲೆಲ್ಲಿ ಚದುರಿದರು, ಮನೆತನದ ಬೆಡಗು ಯಾವುದು ಎಂಬುದನ್ನೆಲ್ಲ ರಾಗವಾಗಿ ಒಪ್ಪಿಸುತ್ತಾನೆ. ಬೆಡಗು ಎಂದರೆ ಒಂದೇ ಮೂಲದವರೆಂದು ನಂಬುವ ಕುಲಗಳ ಗುಂಪು, ಅದರೊಳಗೆ ಹೆಣ್ಣು-ಗಂಡು ಕೊಟ್ಟು ತರುವಂತಿಲ್ಲ. ಹಾಗಾಗಿ ಹೆಳವನ ಮಾತಿಗೆ ಮದುವೆಯ ಮಾತುಕತೆಯಲ್ಲಿ ಬೆಲೆಯಿತ್ತು. ಕಳೆದ ಸಲ ಬಂದುಹೋದ ಮೇಲೆ ಹುಟ್ಟಿದವರನ್ನೂ ತೀರಿಕೊಂಡವರನ್ನೂ ತನ್ನ ಹೊತ್ತಿಗೆಯಲ್ಲಿ ಸೇರಿಸಿಕೊಂಡು, ಕಾಳುಕಡಿ, ಬಟ್ಟೆ, ಅನುಕೂಲವಿದ್ದ ಮನೆಯಲ್ಲಿ ದನವನ್ನೂ ಕಾಣಿಕೆಯಾಗಿ ಪಡೆದು ಮುಂದಿನ ಊರಿಗೆ ಹೊರಡುತ್ತಾನೆ. ಯಾವ ಹೆಳವನ ಮನೆತನಕ್ಕೆ ಯಾವ ಊರಿನ ಯಾವ ಒಕ್ಕಲು ಎಂಬ ಹಕ್ಕು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವಂಥದು.

ಈ ವ್ಯವಸ್ಥೆಯ ಸೂಕ್ಷ್ಮವನ್ನು ಗಮನಿಸಬೇಕು. ಹೆಳವನು ಮನೆಯವರಿಗೆ ಹೆಚ್ಚುಕಡಿಮೆ ಅಪರಿಚಿತ, ಎಷ್ಟೋ ವರ್ಷಗಳಿಗೊಮ್ಮೆ ಬರುವವನು. ಆದರೆ ಮನೆಯವರ ಬಗ್ಗೆ ಮನೆಯವರಿಗಿಂತ ಹೆಚ್ಚು ಬಲ್ಲವನೆಂಬ ಅಧಿಕಾರ ಅವನದು. ಇನ್ನೂ ಮುಖ್ಯವಾಗಿ, ಅವನೇ ಹತ್ತಾರು ಊರುಗಳಲ್ಲಿ ಹರಡಿದ ಒಂದೇ ಕುಲದ ಶಾಖೆಗಳ ನಡುವೆ ಓಡಾಡುವ ಕೊಂಡಿಯೂ ಆಗಿದ್ದುದರಿಂದ, ಮುಂಡರಗಿ ಕಡೆಯ ಮನೆಯೊಂದಕ್ಕೆ ಲಕ್ಷ್ಮೇಶ್ವರದ ಕಡೆ ತಮ್ಮದೇ ರಕ್ತದ ಮನೆಯೊಂದು ಇದೆಯೆಂಬುದು ಅವನ ಬಾಯಿಂದಲೇ ಗೊತ್ತಾಗುತ್ತಿತ್ತು. ಅವನ ಹೊತ್ತಿಗೆಯಲ್ಲಿ ಇರುವುದೆಲ್ಲ ನಿಜವೆಂದು ಚರಿತ್ರೆಕಾರರು ಒಪ್ಪಬೇಕಾಗಿಲ್ಲ. ಕಾಣಿಕೆ ಕೊಡುವವರ ಕಿವಿಗೆ ಹಿತವಾಗುವಂತೆ ವಂಶವನ್ನು ತುಸು ಹಿಗ್ಗಿಸಿ ಹೇಳುವ ಆಸೆ ಯಾವ ವಂಶಾವಳಿಕಾರನಿಗೂ ಇರುವಂಥದೇ. ಆದರೆ ದೊರೆಗಳ ವಲಸೆಯನ್ನಷ್ಟೇ ಬರೆದಿಟ್ಟ ದೇಶದಲ್ಲಿ ರೈತನ ವಲಸೆಗೆ ಬೇರೆ ದಾಖಲೆ ಸಿಗುವುದು ದುರ್ಲಭ.

ಹೆಳವನು ಬಾಯಿಮಾತಿನಲ್ಲಿ ಕಾಯ್ದುಕೊಂಡು ಬಂದ ಊರಿನ ಗುರುತು ಬರೆಹದ ಹೆಸರಿಗೆ ಅಂಟಿಕೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಗಟ್ಟಿಯಾಯಿತು. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದ ಮೇಲೆ ಈ ನಾಲ್ಕು ಊರುಗಳು ಒಂದೇ ಕೈಗೆ ಸೇರಲಿಲ್ಲ. ಗದಗ-ಬೆಟಗೇರಿ ಮತ್ತು ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದವು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನದ, ಶಿರಹಟ್ಟಿಯು ಸಾಂಗಲಿ ಸಂಸ್ಥಾನದ ತುಣುಕುಗಳಾಗಿ ಉಳಿದವು. ಎರಡೂ ಪಟವರ್ಧನ ಮನೆತನದ ಶಾಖೆಗಳೇ ಆದರೂ ಬೇರೆಬೇರೆ ದರಬಾರುಗಳು, ಎರಡರ ರಾಜಧಾನಿಯೂ ಇಲ್ಲಿಂದ ಇನ್ನೂರು ಕಿಲೊಮೀಟರಿಗೂ ಹೆಚ್ಚು ದೂರ, ದಫ್ತರದ ಭಾಷೆ ಮರಾಠಿ. ಹತ್ತಿರದ ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಸವಣೂರು ನವಾಬನದು, ಮುಂಡರಗಿಯನ್ನು ದಾಟಿ ಕೊಪ್ಪಳದ ಕಡೆ ಹೊರಟರೆ ನಿಜಾಮನ ಸೀಮೆ. ಒಂದು ದಿನದ ಗಾಡಿಯ ಹಾದಿಯಲ್ಲಿ ಎರಡು ಮೂರು ಸರಕಾರಗಳ ಗಡಿ ದಾಟಬೇಕಾಗಿದ್ದ ಇಂಥ ಪ್ರದೇಶದಲ್ಲಿ 'ಯಾವ ಸರಕಾರದವರು' ಎಂದು ಕೇಳಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಸರಕಾರಗಳು ಬದಲಾಗುತ್ತಿದ್ದವು, ಊರು ಬದಲಾಗುತ್ತಿರಲಿಲ್ಲ. 1858ರ ದಂಗೆಯ ನಾಯಕರನ್ನು ನೆನಪಿನಲ್ಲಿಟ್ಟುಕೊಂಡ ರೀತಿಯೇ ಇದಕ್ಕೆ ಸಾಕ್ಷಿ: ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದವರು ಜನರ ಬಾಯಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗಿ ಕೆಂಚನಗೌಡ, ಅದೇ ವರ್ಷ ಬಂಡೆದ್ದು ಗಲ್ಲಿಗೇರಿದ ದೊರೆ ನರಗುಂದದ ಬಾಬಾಸಾಹೇಬ.

ಇಂಗ್ಲಿಷರ ಕಂದಾಯದ ಕಚೇರಿ, ಕೋರ್ಟು, ಶಾಲೆಯ ಹಾಜರಿಪುಸ್ತಕಗಳು ಪ್ರತಿಯೊಬ್ಬನಿಂದಲೂ ಮೂರು ತುಂಡುಗಳ ಹೆಸರನ್ನು ಬೇಡತೊಡಗಿದಾಗ, ಮುಂಬಯಿ ಇಲಾಖೆಯ ರೂಢಿಯಂತೆ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಕ್ರಮ ನೆಲೆಗೊಂಡಿತು. ಅಡ್ಡಹೆಸರು ಎಂದರೆ ಮನೆತನವನ್ನು ಗುರುತಿಸುವ ಹೆಸರು. ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ ಎಂದು ಅಧಿಕಾರದಿಂದ ಬಂದವು, ಹಿರೇಮಠ ಎಂದು ಮಠದಿಂದ ಬಂದವು, ಕಮ್ಮಾರ, ಬಡಿಗೇರ, ಪತ್ತಾರ ಎಂದು ಕಸುಬಿನಿಂದ ಬಂದವು, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂದು ಯಾವುದೋ ಹಿಂದಿನ ವ್ಯಾಪಾರದಿಂದಲೋ ನೆರೆಯವರ ತಮಾಷೆಯಿಂದಲೋ ಬಂದವು ಇದ್ದಂತೆಯೇ, ಬಹಳ ದೊಡ್ಡ ಒಂದು ಗುಂಪು ನೇರವಾಗಿ ಊರಿನಿಂದ ಬಂದದ್ದು: ಹುಲಕೋಟಿ, ಮುಳಗುಂದ, ಲಕ್ಕುಂಡಿ, ನರೇಗಲ್ಲ, ಮುಂಡರಗಿ, ಶಿರಹಟ್ಟಿ. ಮರಾಠಿಯ ಪ್ರಭಾವ ದಟ್ಟವಾಗಿದ್ದ ಕಡೆ ಇದಕ್ಕೆ ಕರ ಎಂಬ ಪ್ರತ್ಯಯ ಸೇರಿ ಕುಂದಗೋಳಕರ, ಹಾನಗಲ್ಲಕರ ಎಂದಾಯಿತು. ಹಳೆಯ ಮೈಸೂರಿನಲ್ಲಿಯೂ ಊರಿನ ಹೆಸರನ್ನು ಹೊರುವ ಪದ್ಧತಿ ಇತ್ತು, ಆದರೆ ಅಲ್ಲಿ ಅದು ಹೆಸರಿನ ಮುಂದಿನ ಒಂದಕ್ಷರವಾಗಿ ಮುದುಡಿಕೊಂಡಿತು, ಕೆ. ವಿ. ಪುಟ್ಟಪ್ಪನವರ ಮೊದಲ ಅಕ್ಷರದೊಳಗೆ ಕುಪ್ಪಳಿ ಇದೆಯೆಂಬುದು ಹೇಳಿದ ಹೊರತು ಗೊತ್ತಾಗುವುದಿಲ್ಲ. ಬಸಪ್ಪ, ವೀರಪ್ಪ, ಮಲ್ಲಪ್ಪ, ಶಿರಹಟ್ಟಿಯ ಫಕೀರೇಶ್ವರ ಮಠದ ಭಕ್ತಿಯಿಂದ ಹರಡಿದ ಫಕೀರಪ್ಪ, ಫಕೀರವ್ವ ಎಂಬ ಕೆಲವೇ ಹೆಸರುಗಳು ಮನೆಮನೆಗೂ ಇದ್ದ ಸೀಮೆಯಲ್ಲಿ ಅಡ್ಡಹೆಸರಿಲ್ಲದೆ ಒಬ್ಬ ಗುಮಾಸ್ತನಿಗೂ ಕೆಲಸ ಸಾಗುತ್ತಿರಲಿಲ್ಲ ಎಂಬುದೂ ಒಂದು ಕಾರಣ.

ಊರನ್ನು ಅಡ್ಡಹೆಸರಾಗಿ ಹೊತ್ತವನು ಸಾಮಾನ್ಯವಾಗಿ ಆ ಊರಿನಲ್ಲಿ ಸಿಗುವುದಿಲ್ಲ. ಮುಂಡರಗಿಯಲ್ಲೇ ಇರುವವರನ್ನೆಲ್ಲ ಮುಂಡರಗಿಯವರೆಂದು ಕರೆದರೆ ಗುರುತೇನೂ ಆಗುವುದಿಲ್ಲವಾದ್ದರಿಂದ, ಅಲ್ಲಿಂದ ಹೊರಟು ಬೇರೆ ಕಡೆ ನೆಲೆಸಿದವನಿಗೆ ಮಾತ್ರ ಆ ಹೆಸರು ಅಂಟುತ್ತದೆ. ಹಾಗಾಗಿ ಇಂಥ ಪ್ರತಿಯೊಂದು ಅಡ್ಡಹೆಸರೂ ಒಂದು ವಲಸೆಯ ದಾಖಲೆ. ಗದಗಿನಲ್ಲಿ ಮುದ್ರಣದ ಉದ್ಯಮದಿಂದ ಬೆಳೆದು, 1976ರಲ್ಲಿ ಅಲ್ಲಿಯೇ ಲಾರಿ ಸಾಗಣೆ ಆರಂಭಿಸಿದ ವಿಜಯ ಸಂಕೇಶ್ವರರ ಮನೆತನದ ಹೆಸರು ಬೆಳಗಾವಿ ಜಿಲ್ಲೆಯ ಸಂಕೇಶ್ವರವನ್ನು ಸೂಚಿಸುತ್ತದೆ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಗದಗ ತಾಲ್ಲೂಕಿನ ಕುರ್ತಕೋಟಿಯ ಹೆಸರನ್ನು ಗುಜರಾತಿನವರೆಗೆ ಒಯ್ದು, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಇಂಗ್ಲಿಷ್ ಕಲಿಸಿದರು. ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿಯವರು ದೇಶಕ್ಕೆಲ್ಲ ಹಾನಗಲ್ಲರು. ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಉಂಟು: ಬೇಂದ್ರೆಯವರ ಹಿರಿಯರು ಶಿರಹಟ್ಟಿಯಲ್ಲಿ ನೆಲೆಸಿ ಅಲ್ಲಿಂದ ಧಾರವಾಡಕ್ಕೆ ಬಂದವರು, ಆದರೆ ಅವರ ಹೆಸರಿನಲ್ಲಿ ಶಿರಹಟ್ಟಿಯ ಸುಳಿವೇ ಇಲ್ಲ. ವಿದ್ವತ್ತಿನ ಲೋಕ ಈ ವಿಷಯವನ್ನು ತಡವಾಗಿಯಾದರೂ ಕೈಗೆತ್ತಿಕೊಂಡಿತು; 'ಕನ್ನಡ ನಾಮವಿಜ್ಞಾನ'ವೆಂಬ ಗ್ರಂಥವನ್ನೇ ಬರೆದ ಎಂ. ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಬದುಕಿ, ಮೂರನೆಯ ಊರೊಂದರ ಹೆಸರನ್ನು ಹೊತ್ತವರಾಗಿದ್ದರು.

ಊರಿನ ಹೆಸರು ಮೋಸ ಮಾಡುವುದೂ ಉಂಟು. 'ಆನಂದಕಂದ' ಎಂಬ ಕಾವ್ಯನಾಮದ ಬೆಟಗೇರಿ ಕೃಷ್ಣಶರ್ಮರನ್ನು ಗದಗ-ಬೆಟಗೇರಿಯವರೆಂದು ತಿಳಿಯುವವರು ಈಗಲೂ ಇದ್ದಾರೆ. ಅವರ ಬೆಟಗೇರಿ ಗೋಕಾಕ ತಾಲ್ಲೂಕಿನದು. ಒಂದೇ ಹೆಸರಿನ ಊರುಗಳು ಇಷ್ಟು ದಟ್ಟವಾಗಿರುವುದರಿಂದಲೇ 'ಯಾ ಊರು' ಎಂಬ ಪ್ರಶ್ನೆಯ ಬೆನ್ನಿಗೆ 'ಅದು ಯಾವ ಕಡೀಗೆ ಬರ್ತೈತ್ರಿ' ಎಂಬ ಎರಡನೆಯ ಪ್ರಶ್ನೆ ತಪ್ಪದೆ ಬರುತ್ತದೆ.

ಅಪರಿಚಿತರನ್ನು ದೊಡ್ಡ ಪ್ರಮಾಣದಲ್ಲಿ ಒಂದೆಡೆ ಕೂಡಿಸಿದ್ದು ಹತ್ತಿ ಮತ್ತು ರೈಲು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಎರೆಭೂಮಿಯ ಹತ್ತಿ ಎತ್ತಿನ ಗಾಡಿಯ ಮೇಲೆ ಘಟ್ಟವಿಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಪಶ್ಚಿಮಕ್ಕೆ ಹುಬ್ಬಳ್ಳಿ, ಪೂರ್ವಕ್ಕೆ ಹೊಸಪೇಟೆ-ಬಳ್ಳಾರಿ, ಉತ್ತರಕ್ಕೆ ವಿಜಾಪುರ-ಹೊಟಗಿಗಳ ಕಡೆಗೆ ಹಳಿ ಹಾಕಿದಾಗ ಗದಗ ಕೂಡುನಿಲ್ದಾಣವಾಯಿತು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಇಪ್ಪತ್ತನೆಯ ಶತಮಾನದುದ್ದಕ್ಕೂ ರೈಲು ಕಾಣದೆ ಗದಗಿಗೇ ಮುಖ ಮಾಡಿದವು. ಗದಗಿನ ದಲಾಲಿ ಅಂಗಡಿ, ಅಂದರೆ ರೈತನ ಮಾಲನ್ನು ಮಾರಿಸಿಕೊಟ್ಟು ತನ್ನ ಪಾಲಿನ ಕಮಿಷನ್ನು ಹಿಡಿಯುವ ಮಂಡಿ, ಬರೀ ವ್ಯಾಪಾರದ ತಾಣವಾಗಿರಲಿಲ್ಲ. ಮಾಲು ತಂದ ರೈತನು ರಾತ್ರಿ ಉಳಿಯುವ, ಪಕ್ಕದ ಸೀಮೆಯ ರೈತನೊಡನೆ ಮಳೆ-ಬೆಳೆ, ಕನ್ಯೆ-ವರಗಳ ಮಾತಾಡುವ ಜಾಗವೂ ಅದಾಗಿತ್ತು. ಈ ಮಾತುಗಳ ನಡುವೆ ಎಷ್ಟು ಬೀಗತನಗಳು ಕುದುರಿದವೆಂಬುದನ್ನು ಯಾವ ಕಿರ್ದಿಯಲ್ಲೂ ಬರೆದಿಟ್ಟಿಲ್ಲ.

ನಾಟಕದವರೂ ಗವಾಯಿಗಳೂ ಊರಿನ ಹೆಸರನ್ನು ಇನ್ನೂ ದೂರ ಒಯ್ದರು. 1870ರ ದಶಕದಲ್ಲಿ ಗದಗಿನಲ್ಲಿ ಶಿಕ್ಷಕರಾಗಿದ್ದ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, ಸಾಂಗಲಿಯ ಕಡೆಯಿಂದ ಬರುತ್ತಿದ್ದ ಮರಾಠಿ ನಾಟಕಗಳ ಅಬ್ಬರಕ್ಕೆ ಎದುರಾಗಿ ಕನ್ನಡ ನಾಟಕಗಳನ್ನು ಬರೆದು ಆಡಿಸಿದಾಗ, ತಮ್ಮ ಮಂಡಳಿಗೆ ಗದಗಿನ ದೇವರಾದ ವೀರನಾರಾಯಣನ ಹೆಸರನ್ನೂ ಗದಗಿನ ಸಂಸ್ಕೃತ ರೂಪವಾದ ಕೃತಪುರದ ಹೆಸರನ್ನೂ ಒಟ್ಟಿಗೆ ಇಟ್ಟರು. ಆಮೇಲೆ ಬಂದ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಗದಗಿನದು; ಶಿರಹಟ್ಟಿ ವೆಂಕೋಬರಾಯರ ಕಂಪನಿಯನ್ನು ಜನ ಕರೆದದ್ದು ಶಿರಹಟ್ಟಿ ಕಂಪನಿಯೆಂದೇ. ಸಾಂಗಲಿಯ ಆಳಿಕೆಯಲ್ಲಿದ್ದ ಒಂದು ಸಣ್ಣ ಪಟ್ಟಣದ ಹೆಸರನ್ನು ದೂರದ ಜಿಲ್ಲೆಗಳ ಪ್ರೇಕ್ಷಕರು ಆಡಿಕೊಳ್ಳುವಂತೆ ಮಾಡಿದ್ದು ಅಲ್ಲಿಯ ಮಾಮಲೇದಾರರಲ್ಲ, ನಟರು.

ಗದಗಿನ ವೀರೇಶ್ವರ ಪುಣ್ಯಾಶ್ರಮವು ಈ ಚರಿತ್ರೆಯ ಬೇರೊಂದು ಮುಖ. ಹಾನಗಲ್ಲ ತಾಲ್ಲೂಕಿನಲ್ಲಿ ಹುಟ್ಟಿದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳೂ ಅದೇ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಬೆಳೆಸಿದ ಈ ಆಶ್ರಮದಲ್ಲಿ, ಕಣ್ಣಿಲ್ಲದ ಮತ್ತು ಬಡತನದ ಮನೆಗಳ ಮಕ್ಕಳು ಕರ್ನಾಟಕದ ಮೂಲೆಮೂಲೆಗಳಿಂದ ಬಂದು ಊಟ, ವಸತಿ, ಸಂಗೀತಗಳನ್ನು ಹಂಚಿಕೊಂಡರು. ಬಳ್ಳಾರಿ ಜಿಲ್ಲೆಯ ಲಕ್ಷ್ಮೀಪುರದಿಂದ ಬಂದ ವೆಂಕಟೇಶಕುಮಾರರು ಇಂದು ಅವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. 1922ರಲ್ಲಿ ಗದಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರದು ಇದರ ತಿರುಗುಮುರುಗು ಹಾದಿ. ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು, ಉತ್ತರ ಹಿಂದುಸ್ಥಾನವನ್ನೆಲ್ಲ ಅಲೆದು, ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ. ಆ ಗುರು ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರು. 1953ರಿಂದ ಪುಣೆಯಲ್ಲಿ ಗುರುವಿನ ಹೆಸರಿನ ಉತ್ಸವವನ್ನು ನಡೆಸಿದ ಜೋಶಿಯವರು ಅಲ್ಲಿಯೇ ನೆಲೆಸಿದರೂ, ಗದಗಿನವರು ಅವರನ್ನು ಪುಣೆಗೆ ಬಿಟ್ಟುಕೊಟ್ಟಿಲ್ಲ.

ಊರುಗಳ ಹೆಸರು ಹೊತ್ತ ಇಂಥವರೇ ಮುಂದೆ ನಾಡಿನ ಹೆಸರನ್ನು ಬೇಡಿದರು. ಗದಗಿನ ವಕೀಲ ಹುಯಿಲಗೋಳ ನಾರಾಯಣರಾಯರ ಹೆಸರಿನಲ್ಲಿರುವುದು ಗದಗ ತಾಲ್ಲೂಕಿನ ಹುಯಿಲಗೋಳವೆಂಬ ಹಳ್ಳಿ. ಅವರು ಬರೆದ ನಾಡಗೀತೆಯನ್ನು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಲಾಯಿತು. ರೋಣ ತಾಲ್ಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರೂ ಹುಬ್ಬಳ್ಳಿ ಹತ್ತಿರದ ಅದರಗುಂಚಿಯ ಶಂಕರಗೌಡ ಪಾಟೀಲರೂ ಏಕೀಕರಣಕ್ಕೆ ದುಡಿದ ಈ ಕಡೆಯ ಮುಂಚೂಣಿಯ ಹೆಸರುಗಳು. ನೆರೆಯ ಊರಿಗೆ ಹೋಗಬೇಕಾದರೆ ಬೇರೆ ಸಂಸ್ಥಾನದ ಗಡಿ ದಾಟಬೇಕಾಗಿದ್ದ ಜನಕ್ಕೆ ಏಕೀಕರಣವೆಂಬುದು ದೂರದ ಆದರ್ಶವಾಗಿರಲಿಲ್ಲ. 1948ರಲ್ಲಿ ಮಿರಜ, ಸಾಂಗಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಲಕ್ಷ್ಮೇಶ್ವರ, ಶಿರಹಟ್ಟಿಗಳು ಧಾರವಾಡ ಜಿಲ್ಲೆಗೆ ಬಂದವು. 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಸೇರಿದವು. 1997ರಲ್ಲಿ ಗದಗ ಜಿಲ್ಲೆಯಾಯಿತು.

ಇಷ್ಟು ಹೇಳಿದ ಮೇಲೆ, ಊರಿನ ನಂಟಿಗೆ ಇರುವ ಒಳಬೇಲಿಗಳನ್ನು ಮುಚ್ಚಿಡುವುದು ಚರಿತ್ರೆಗೆ ಮಾಡುವ ಅನ್ಯಾಯ. ಊರಿನಿಂದ ಬಂದ ಅಡ್ಡಹೆಸರಿನಲ್ಲಿ ಜಾತಿ ಕಾಣುವುದಿಲ್ಲ, ಲಿಂಗಾಯತರೂ ಬ್ರಾಹ್ಮಣರೂ ಮುಸಲ್ಮಾನರೂ ಒಂದೇ ಊರಿನ ಹೆಸರನ್ನು ಹೊತ್ತಿರುವುದು ಸಾಮಾನ್ಯ, ಅದು ಈ ಪದ್ಧತಿಯ ದೊಡ್ಡ ಗುಣ. ಆದರೆ ಊರು ಗೊತ್ತಾದ ಮೇಲೆ ಬರುವ 'ಯಾ ಓಣಿ?' ಎಂಬ ಪ್ರಶ್ನೆ ಮುಗ್ಧವಾದದ್ದಲ್ಲ. ಓಣಿಗಳು ಜಾತಿಯ ಪ್ರಕಾರ ಹಂಚಿಹೋಗಿರುವ ಊರುಗಳಲ್ಲಿ ಆ ಉತ್ತರದಿಂದ ಎಲ್ಲವೂ ತಿಳಿಯುತ್ತದೆ, ಆಗಷ್ಟೇ ಬೆಳೆದ ಸಲಿಗೆ ಅಲ್ಲಿಗೇ ತಣ್ಣಗಾಗುವುದೂ ಉಂಟು. ಊರೆಂದರೆ ಯಾರಿಗೆ ಊರು ಎಂಬುದನ್ನು ಕೇರಿಯ ಕಡೆಯಿಂದ ಕೇಳಬೇಕು. ಸಿದ್ದಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ 'ಊರುಕೇರಿ' ಎಂದು ಹೆಸರಿಟ್ಟದ್ದರ ಹಿಂದೆ ಇದೇ ಭೇದವಿದೆ. ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ತಾಂಡಾಗಳಲ್ಲಿರುವ ಲಂಬಾಣಿಗರ ರೂಢಿ ಇನ್ನೂ ಬೇರೆ. ಎತ್ತುಗಳ ಮೇಲೆ ಉಪ್ಪು, ಕಾಳುಕಡಿಗಳನ್ನು ಹೇರಿಕೊಂಡು ಸೀಮೆಯಿಂದ ಸೀಮೆಗೆ ಹೋಗುತ್ತಿದ್ದ ಇವರ ಬದುಕನ್ನು ಗಾಡಿರಸ್ತೆ ಮತ್ತು ರೈಲು ಕಸಿದುಕೊಂಡ ಮೇಲೆ ಇವರು ಒಂದೆಡೆ ನೆಲೆಸಿದರು. ನಿಂತ ಊರೇ ಇಲ್ಲದ ಕಾಲದಲ್ಲಿ ಅವರ ಗುರುತು ರಾಠೋಡ, ಪವಾರ, ಚವ್ಹಾಣ ಎಂಬ ಕುಲಗಳಿಂದ ನಡೆಯುತ್ತಿತ್ತು, ತಾಂಡಾದ ಹೆಸರು ಅದಕ್ಕೆ ಆಮೇಲೆ ಸೇರಿದ್ದು.

ಹೊರನಾಡಿನ ಸಂಘಸಂಸ್ಥೆಗಳ ಕಥೆ ಬೇರೆಡೆ ಸಾಕಷ್ಟು ಬಂದಿದೆ. ಮುಂಬಯಿಯಲ್ಲಿ 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘಗಳು ಭಾಷೆಯ ಹೆಸರಿನಲ್ಲಿ ಜನರನ್ನು ಕೂಡಿಸಿದವು. ಆದರೆ ಅಲ್ಲಿಗೆ ಹೋಗಲು ಬಿಡುವಾಗಲಿ ಓದುಬರಹವಾಗಲಿ ಇಲ್ಲದ ಕೂಲಿಕಾರರಿಗೆ ಊರೇ ಸಂಘವಾಗಿತ್ತು. ಗದಗ ಜಿಲ್ಲೆಯ ಒಣಭೂಮಿಯಿಂದ ಗೋವಾ ಮತ್ತು ಮಂಗಳೂರುಗಳ ಕಟ್ಟಡ ಕೆಲಸಕ್ಕೆ ಹೋಗುವವರು ಇಂದಿಗೂ ಊರುಊರಾಗಿಯೇ ಹೋಗುತ್ತಾರೆ, ಮೊದಲು ಹೋದವನ ಗುಡಿಸಲಿನಲ್ಲಿ ಆಮೇಲೆ ಬಂದವನು ಇಳಿಯುತ್ತಾನೆ. ಬೆಂಗಳೂರಿನ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳ ಮುಂದೆ ಕುಳಿತ ಇಬ್ಬರು ಇಂಜಿನಿಯರರ ನಡುವೆಯೂ ಮಾತು ಆರಂಭವಾಗುವುದು ಅದೇ ಪ್ರಶ್ನೆಯಿಂದ. ಈಗ ಅದು ಮೊಬೈಲಿನ ಪರದೆಗೂ ಹತ್ತಿದೆ: ಮುಖ ಕಾಣದವರು ಊರಿನ ಹೆಸರು ಕಂಡೊಡನೆ ಯಾವ ಶಾಲೆ, ಯಾವ ಬ್ಯಾಚು, ವೀರನಾರಾಯಣ ಗುಡಿಯ ಯಾವ ಕಡೆ ಎಂದು ವಿಚಾರಿಸಿಕೊಂಡು ಗಂಟೆಗಟ್ಟಲೆ ಬರೆಯುತ್ತಾರೆ. ಇದನ್ನು ಹೊಸ ಯುಗದ ವಿಚಿತ್ರವೆಂದು ಬಣ್ಣಿಸುವವರು ಕುರ್ಕ್ಯಾಲದ ಬಂಡೆಯನ್ನು ನೋಡಿಲ್ಲ.

ಪರದೆಯ ಮೇಲಿನ ಮಾತು ಉಳಿಯುತ್ತದೋ ಇಲ್ಲವೋ, ಹೆಳವರ ಹೊತ್ತಿಗೆಗಳಂತೂ ಅಪಾಯದಲ್ಲಿವೆ. ಆ ವೃತ್ತಿಯ ಮನೆಗಳ ಮಕ್ಕಳು ಬೇರೆ ಕೆಲಸಗಳಿಗೆ ಹೋಗುತ್ತಿದ್ದಾರೆ, ಹೋಗುವುದು ನ್ಯಾಯವೂ ಹೌದು. ಭಿಕ್ಷೆಯ ಅಂಚಿನ ಬದುಕನ್ನು ಪರಂಪರೆಯ ಹೆಸರಿನಲ್ಲಿ ಮುಂದುವರಿಸಿರೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಗದಗಿನಲ್ಲೇ ಇರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಗಳು ಹೆಳವರಿಗೆ ತಕ್ಕ ಸಂಭಾವನೆ ಕೊಟ್ಟು, ಅವರ ಒಪ್ಪಿಗೆ ಪಡೆದು, ಈ ನಾಲ್ಕು ತಾಲ್ಲೂಕುಗಳ ಹೊತ್ತಿಗೆಗಳನ್ನು ಊರುವಾರು ಪ್ರತಿ ತೆಗೆದಿಡುವ ಕೆಲಸವನ್ನು ಒಟ್ಟಾಗಿ ಮಾಡಬೇಕು. ಅಲ್ಲಿಯವರೆಗೆ, ಸುಗ್ಗಿಯ ದಿನಗಳಲ್ಲಿ ಹೆಳವನು ಬಾಗಿಲಿಗೆ ಬಂದರೆ ಓದುಗರು ಅವನನ್ನು ಬರಿಗೈಯಲ್ಲಿ ಕಳಿಸದೆ, ಕೂರಿಸಿ, ಅವನು ಹೇಳುವ ಊರುಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ.